ಪಿ.ಆರ್. ಕಾಯುವ ದಿನಗಳು: ಒಂದು ಎಕ್ಸ್‌ರೇಗಾಗಿ ಕಾಸರಗೋಡಿನಿಂದ ಬೆಂಗಳೂರಿಗೆ

ನಮಸ್ಕಾರ. ಹಿಂದೆ ಕಾಣುತ್ತಿರುವವರು ನನ್ನ ಮಾವ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸುವುದನ್ನು ನೀವೇ ನೋಡಿ, ನಾನು ವಿವರಿಸುವುದಿಲ್ಲ. ಇವತ್ತು ಮಳೆ ಸ್ವಲ್ಪ ಹೊಳವಾಗಿದೆ, ಸಂಜೆಯೊಳಗೆ ಈ ಬದಿಯ ಅಡಿಕೆ ಮರಗಳಿಗೆಲ್ಲ ಮದ್ದು ಬಿಟ್ಟು ಮುಗಿಯಬೇಕು. ತಡವಾದರೆ ಕೊಳೆರೋಗ ಯಾರನ್ನೂ ಕೇಳಿಕೊಂಡು ಬರುವುದಿಲ್ಲ.

ಕೆನಡಾಕ್ಕೆ ಹೋಗಲು ಹಾಕಿದ ನನ್ನ ಪಿ.ಆರ್. ಅರ್ಜಿ, ಅಂದರೆ ಖಾಯಂ ವಾಸದ ಅರ್ಜಿ, ಎಲ್ಲಿಗೆ ಬಂತು ಎಂದು ತುಂಬಾ ಜನ ಕೇಳಿದ್ದೀರಿ. ಎಲ್ಲಿಗೂ ಬಂದಿಲ್ಲ. ಅರ್ಜಿಯ ಸ್ಥಿತಿ ತೋರಿಸುವ ಟ್ರ್ಯಾಕರ್ ತೆರೆದರೆ ಬಯೋಮೆಟ್ರಿಕ್ ಮುಗಿದಿದೆ, ಮೆಡಿಕಲ್ ಮುಗಿದಿದೆ, ಹಿನ್ನೆಲೆ ಪರಿಶೀಲನೆ ನಡೆಯುತ್ತಿದೆ ಎಂದಿದೆ. ನಿನ್ನೆಯೂ ಹಾಗೆಯೇ ಇತ್ತು. ಹೊಸಬರಿಗೆ ಹೇಳಿಬಿಡುತ್ತೇನೆ: ಇವರು, ಅಂದರೆ ನನ್ನ ಗಂಡ, ಕೆನಡಾದ ಒಂಟಾರಿಯೊದಲ್ಲಿದ್ದಾರೆ, ಅಲ್ಲಿನ ಪಿ.ಆರ್. ಇದೆ. ಪತ್ನಿ ಎಂದು ನನ್ನನ್ನು ಸ್ಪಾನ್ಸರ್ ಮಾಡಿದ್ದಾರೆ. ನಾವು ಕಟ್ಟಿದ್ದು 1,205 ಕೆನಡಾ ಡಾಲರ್: ಸ್ಪಾನ್ಸರ್ ಶುಲ್ಕ 85, ನನ್ನ ಅರ್ಜಿಗೆ 545, ಖಾಯಂ ವಾಸದ ಹಕ್ಕಿನ ಶುಲ್ಕ 575. ಬಯೋಮೆಟ್ರಿಕ್‌ಗೆ ಬೇರೆ 85. ಅರ್ಜಿ ತಿರಸ್ಕಾರವಾದರೆ ಆ 575 ಮಾತ್ರ ವಾಪಸು ಸಿಗುತ್ತದೆ. ಬೇಡ, ಆ ಮಾತು ಈಗ ಬೇಡ.

ಈಗ ತೆರೆಯ ಮೇಲೆ ಬರುತ್ತಿರುವುದು ಕಾಸರಗೋಡು ರೈಲು ನಿಲ್ದಾಣ. ಈ ಮೆಡಿಕಲ್‌ನ ವಿಷಯವನ್ನು ನಾನು ಹೇಳಲೇಬೇಕು. ಮೆಡಿಕಲ್ ಮಾಡಿಸಿ ಎಂಬ ಪತ್ರ ಬಂದ ಮೇಲೆ ನಮಗೆ ಕೊಡುವುದು 30 ದಿನ. ಊರಿನ ಡಾಕ್ಟರ ಬಳಿ ಮಾಡಿಸಿದರೆ ನಡೆಯುವುದಿಲ್ಲ, ಕೆನಡಾ ಸರ್ಕಾರದ ಪಟ್ಟಿಯಲ್ಲಿರುವ ವೈದ್ಯರೇ ಆಗಬೇಕು. ಬದಿಯಡ್ಕದಲ್ಲಿ ನಮ್ಮ ಮನೆಯವರಿಗೆಲ್ಲ ಮದ್ದು ಕೊಡುವ ಡಾಕ್ಟರಿಗೆ ನನ್ನ ಆರೋಗ್ಯ ನನಗಿಂತ ಚೆನ್ನಾಗಿ ಗೊತ್ತು, ಆದರೆ ಅವರ ಸಹಿಗೆ ಅಲ್ಲಿ ಬೆಲೆಯಿಲ್ಲ. ಚಿಕ್ಕಮ್ಮನ ಮನೆ ಇದೆಯೆಂದು ನಾನು ಬೆಂಗಳೂರನ್ನು ಆರಿಸಿಕೊಂಡೆ. ಸಂಜೆ ಕಣ್ಣೂರಿನಿಂದ ಬರುವ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಮಳೆಗಾಲದಲ್ಲಿ ಅದಕ್ಕೂ ಭರವಸೆಯಿಲ್ಲ. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣೇ ಜಾರಿ ಘಾಟಿಯಲ್ಲಿ ರೈಲು ನಿಂತುಹೋದದ್ದು ನಮ್ಮ ಕಡೆಯ ಎಲ್ಲರಿಗೂ ನೆನಪಿದೆ. ಸಕಲೇಶಪುರ ದಾಟುವ ತನಕ ನನಗೆ ನಿದ್ದೆಯೇ ಬರಲಿಲ್ಲ.

ಅಲ್ಲಿ ಮಾಡಿದ್ದಾದರೂ ಏನು? ಎದೆಯ ಎಕ್ಸ್‌ರೇ, ರಕ್ತ, ಮೂತ್ರ, ತೂಕ, ಎತ್ತರ, ಕಣ್ಣು. ವರದಿಯನ್ನು ನಮ್ಮ ಕೈಗೆ ಕೊಡುವುದಿಲ್ಲ, ನೇರವಾಗಿ ಆನ್‌ಲೈನ್‌ನಲ್ಲಿ ಕಳುಹಿಸುತ್ತಾರೆ. ಏಳು ಸಾವಿರದ ಹತ್ತಿರ ಬಿಲ್ಲು. ನಾನು ದಿನಗೂಲಿಯ ಶಿಕ್ಷಕಿ, ಶಾಲೆಗೆ ಹೋಗದ ದಿನದ ಸಂಬಳವೂ ಇಲ್ಲ. ಇಷ್ಟೆಲ್ಲ ಆದ ಮೇಲೆ ಆ ಪರೀಕ್ಷೆಗೆ ಮಾನ್ಯತೆ ಇರುವುದು 12 ತಿಂಗಳು. ಅಷ್ಟರಲ್ಲಿ ತೀರ್ಮಾನ ಬರದಿದ್ದರೆ ಪುನಃ ಮಾಡಿಸಬೇಕಾಗಬಹುದು. ನನಗೆ 30 ದಿನದ ಗಡುವು ಹಾಕಿದವರಿಗೆ ಯಾವ ಗಡುವೂ ಇಲ್ಲ. ಇದು ಅನ್ಯಾಯ, ನೇರವಾಗಿಯೇ ಹೇಳುತ್ತೇನೆ.

ಆದರೆ ಎಕ್ಸ್‌ರೇ ಕೋಣೆಯ ಹೊರಗೆ ಕುಳಿತಿದ್ದಾಗ ನನ್ನ ಕೋಪ ಸ್ವಲ್ಪ ಇಳಿಯಿತು. ಪಕ್ಕದಲ್ಲಿ ಮಗಳ ಬಳಿಗೆ ಹೊರಟ ಒಬ್ಬರು ಹಿರಿಯರಿದ್ದರು. ಕ್ಷಯರೋಗ ಇದ್ದರೆ ಇಲ್ಲಿಯೇ ತಿಳಿಯುವುದು ಒಳ್ಳೆಯದಲ್ಲವೇ ಎಂದರು. ಹೌದು, ಪರೀಕ್ಷೆ ಬೇಕು. ಒಂದು ಇಡೀ ದೇಶ ಜನರನ್ನು ಒಳಗೆ ಕರೆದುಕೊಳ್ಳುವಾಗ ನೋಡಿಯೇ ಕರೆದುಕೊಳ್ಳಬೇಕು. ನನ್ನ ತಕರಾರು ಪರೀಕ್ಷೆಯ ಮೇಲಲ್ಲ, ಆಮೇಲಿನ ಮೌನದ ಮೇಲೆ. ಎಷ್ಟು ಜನರ ಹಿಂದೆ ನಿಂತಿದ್ದೇನೆ ಎಂದು ಹೇಳಿದರೆ ಸಾಕು, ನಿಂತುಕೊಳ್ಳುತ್ತೇನೆ. ಪಡಿತರ ಅಂಗಡಿಯಲ್ಲಾದರೂ ಮುಂದಿರುವವರ ಬೆನ್ನು ಕಾಣುತ್ತದೆ.

ಇದು ಅನಂತಪುರ, ಕುಂಬಳೆಯ ಹತ್ತಿರದ ಸರೋವರ ಕ್ಷೇತ್ರ. ಅತ್ತೆಗೆ ಇಲ್ಲಿ ಒಂದು ಹರಕೆ ಇತ್ತು. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದೇ ಎನ್ನುತ್ತಾರೆ. ಬಬಿಯ ಎಂಬ ಮೊಸಳೆ ಇದ್ದದ್ದು ಈ ಕೆರೆಯಲ್ಲೇ. ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. 2022ರ ಅಕ್ಟೋಬರ್‌ನಲ್ಲಿ ಅದು ಸತ್ತಾಗ ಅತ್ತೆ ಊಟ ಬಿಟ್ಟಿದ್ದರಂತೆ. ಮರುವರ್ಷ ನವೆಂಬರ್‌ನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಾವು ಹೋದ ದಿನ ಕಾಣಲಿಲ್ಲ, ನೀರು ಕಲಕಿತ್ತು. ಅತ್ತೆಯ ಆ ಬಿಳಿ ಸೀರೆ ಮದುವೆಗೆ ಮೊದಲಿನದು, ಇನ್ನೂ ಎಷ್ಟು ಚೆನ್ನಾಗಿದೆ ನೋಡಿ. ಅಯ್ಯೋ, ದೃಶ್ಯ ಮುಗಿಯಿತು, ಮುಂದೆ ಹೋಗೋಣ.

ಇದು ಶಾಲೆಯ ದಾರಿ. ಮಕ್ಕಳ ಮುಖ ತೋರಿಸುವುದಿಲ್ಲ, ತೋರಿಸಲೂಬಾರದು. ಬಸ್ಸಿನಲ್ಲಿ ಯಾರೇ ಸಿಗಲಿ, ಎರಡೇ ಪ್ರಶ್ನೆ. ವೀಸಾ ಬಂತಾ? ಬರುವುದಾದರೆ ಇನ್ನೂ ಯಾಕೆ ಕೆಲಸಕ್ಕೆ ಹೋಗುವುದು? ಮೊದಲನೆಯದಕ್ಕೆ ಇಲ್ಲ ಎಂದರೆ ಮುಗಿಯಿತು. ಎರಡನೆಯದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ. ನಮ್ಮದು ಕನ್ನಡ ಮಾಧ್ಯಮದ ತರಗತಿ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದಾಗ ಮಕ್ಕಳ ತಂದೆ ತಾಯಂದಿರು ಪ್ರತಿಭಟನೆಗೆ ಕುಳಿತದ್ದನ್ನು ನಾವೆಲ್ಲ ಕಂಡಿದ್ದೇವೆ. ಗಣಿತದ ಲೆಕ್ಕವನ್ನು ತನಗೆ ಅರ್ಥವಾಗದ ಭಾಷೆಯಲ್ಲಿ ಕೇಳಿಸಿಕೊಳ್ಳುವ ಮೂರನೆಯ ತರಗತಿಯ ಮಗು ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ, ಸುಮ್ಮನಾಗುತ್ತದೆ. ಬರುವುದೋ ಬಾರದೋ ಗೊತ್ತಿಲ್ಲದ ಕಾಗದಕ್ಕಾಗಿ ನಾನು ಈಗಲೇ ಆ ತರಗತಿಯನ್ನು ಬಿಟ್ಟು ಮನೆಯಲ್ಲಿ ಕುಳಿತುಕೊಳ್ಳುವುದೇ? ಸಾಧ್ಯವಿಲ್ಲ. ಹೊರಡುವ ದಿನ ಬಂದಾಗ ಹೊರಡುತ್ತೇನೆ. ಅಲ್ಲಿಯ ತನಕ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇರುತ್ತದೆ. ಕೆಲಸ ಬಿಟ್ಟುಬಿಡು ಎಂದು ಇವರೂ ಮೊದಲು ಹೇಳಿದ್ದರು, ಈಗ ಹೇಳುವುದಿಲ್ಲ. ತರಗತಿಯಲ್ಲಿ ಏನಾಯಿತು ಎಂದು ಅವರೇ ಕೇಳುತ್ತಾರೆ.

ನಾವು ಮಾತನಾಡುವುದು ಸಂಜೆ ಆರೂವರೆಗೆ, ಅವರಲ್ಲಿ ಆಗ ಬೆಳಗ್ಗೆ ಒಂಬತ್ತು. ಚಳಿಗಾಲದಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಆಗ ನಮ್ಮ ಮಾತೂ ಏಳೂವರೆಗೆ ಸರಿಯುತ್ತದೆ, ಅತ್ತೆಯ ದೇವರ ದೀಪದ ಹೊತ್ತಿಗೆ ಸರಿಯಾಗಿ. ಹಿಂದಿನ ಚಳಿಗಾಲದಲ್ಲಿ ಇದಕ್ಕೇ ಮನೆಯಲ್ಲಿ ಸಣ್ಣ ಮುನಿಸು ಆಗಿತ್ತು. ಈಗ ಅತ್ತೆಯೇ ಫೋನನ್ನು ಮೊದಲು ಎತ್ತಿಕೊಳ್ಳುತ್ತಾರೆ, ನನ್ನ ಸರದಿ ಆಮೇಲೆ.

ಹೊಸದಾಗಿ ಮದುವೆಯಾಗಿ ಅರ್ಜಿ ಹಾಕಲಿರುವವರು ಇದನ್ನು ಬರೆದುಕೊಳ್ಳಿ. ಕೇರಳದಲ್ಲಿ ಮದುವೆಯಾಗಿದ್ದರೆ 45 ದಿನಗಳೊಳಗೆ ಪಂಚಾಯತ್‌ನಲ್ಲಿ ನೋಂದಣಿ ಮಾಡಿಸಿ. ಸಂಬಂಧಕ್ಕೆ ಪುರಾವೆಯಾಗಿ ಮದುವೆಯ ಇಡೀ ಆಲ್ಬಮ್ ಕಳುಹಿಸಬೇಡಿ, 20 ಫೋಟೋಗಳ ಮಿತಿ ಇದೆ. ಮಂಟಪದ ಫೋಟೋ ಎರಡು ಮೂರು ಸಾಕು. ಎರಡೂ ಮನೆಯ ಹಿರಿಯರು ಜೊತೆಗಿರುವುದು, ಆಮೇಲೆ ನೀವಿಬ್ಬರು ಹೋದ ಊರುಗಳು, ಇಂಥದ್ದನ್ನು ಆರಿಸಿ, ಪ್ರತಿ ಫೋಟೋದ ಜೊತೆ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ಪೊಲೀಸ್ ಸರ್ಟಿಫಿಕೇಟ್, ಅಂದರೆ ನಮ್ಮ ಮೇಲೆ ಕೇಸಿಲ್ಲ ಎಂಬ ಪತ್ರ, ತೀರಾ ಮುಂಚಿತವಾಗಿ ಮಾಡಿಸಬೇಡಿ. ಈಗ ಇರುವ ದೇಶದ್ದು ಅರ್ಜಿ ಕಳುಹಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಪಾಸ್‌ಪೋರ್ಟ್ ವೆಬ್‌ಸೈಟಿನಲ್ಲಿ ಅದಕ್ಕೆ 500 ರೂಪಾಯಿ. ನಮ್ಮ ಜಿಲ್ಲೆ ಕೋಯಿಕ್ಕೋಡು ಕಚೇರಿಗೆ ಸೇರುತ್ತದೆ, ಮಂಗಳೂರಿನಲ್ಲಿ ಕೆಲಸಕ್ಕಿರುವವರು ವಿಳಾಸ ತುಂಬುವಾಗ ಇದನ್ನು ಗಮನಿಸಿ. ಮಾವ ಕರೆಯುತ್ತಿದ್ದಾರೆ, ಉದ್ದನೆಯ ದೋಟಿ ಕೋಲು ಹಿಡಿಯಲು ಜನ ಬೇಕಂತೆ. ಉಳಿದ ಪ್ರಶ್ನೆಗಳಿಗೆ ಮುಂದಿನ ವಾರ ಉತ್ತರಿಸುತ್ತೇನೆ.