ಜೀವಕೋಶದ ಒಳಗಿನ ವಿದ್ಯುತ್ತನ್ನು ಓದುವ ನ್ಯಾನೊ ಕಂಬಗಳು

ನಮಸ್ಕಾರ. ತೆರೆಯ ಮೇಲೆ ನಾನು ಬರೆದು ತೋರಿಸುತ್ತಿರುವ ಈ ಎರಡು ಗೆರೆಗಳೂ ಹೃದಯದ ಒಂದೇ ಜೀವಕೋಶದ ಒಂದೇ ಮಿಡಿತದವು. ಮೇಲಿನದು ಕೋಶದ ಹೊರಗಿರುವ ಎಲೆಕ್ಟ್ರೋಡಿಗೆ, ಅಂದರೆ ವಿದ್ಯುತ್ ಅಳೆಯುವ ಲೋಹದ ತುದಿಗೆ, ಸಿಕ್ಕದ್ದು. ಒಂದು ಮಿಲಿವೋಲ್ಟನ್ನೂ ಮುಟ್ಟದ ಚೂಪಾದ ಏರಿಳಿತ, ಅಷ್ಟೇ. ಕೆಳಗಿನದು ಒಳಗಿನಿಂದ ಅಳೆದದ್ದು. ಸುಮಾರು 100 ಮಿಲಿವೋಲ್ಟಿನಷ್ಟು ಥಟ್ಟನೆ ಏರಿ, ಕೆಲಹೊತ್ತು ಮೇಲೆಯೇ ನಿಂತು, ಆಮೇಲೆ ಇಳಿಯುತ್ತದೆ. ಕೋಶ ಯಾವಾಗ ಮಿಡಿಯಿತೆಂದು ಮೊದಲ ಗೆರೆ ಹೇಳೀತು, ಹೇಗೆ ಮಿಡಿಯಿತೆಂದು ತಿಳಿಯಲು ಎರಡನೆಯದೇ ಬೇಕು.

ಆ ಅಲೆ ಎಷ್ಟು ಹೊತ್ತು ಇಳಿಯದೆ ನಿಲ್ಲುತ್ತದೆ ಎಂಬುದು ಸಣ್ಣ ವಿಷಯವಲ್ಲ. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಮಾತ್ರೆ 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಮರೆಯಾದದ್ದು, ಅದು ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ವಾಹಿನಿಗಳನ್ನು ತಡೆದು ಈ ಅವಧಿಯನ್ನು ಹಿಗ್ಗಿಸಿ, ಕೆಲವರಲ್ಲಿ ಹೃದಯದ ಲಯವನ್ನೇ ಅಪಾಯಕರವಾಗಿ ಕೆಡಿಸುತ್ತಿದ್ದುದರಿಂದ.

ಒಳಗಿನಿಂದ ಅಳೆಯಲೆಂದು 1939ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ನರತಂತುವಿನೊಳಗೆ ಎಲೆಕ್ಟ್ರೋಡ್ ತೂರಿಸಿದರು. ಆ ತಂತು ಸುಮಾರು ಅರ್ಧ ಮಿಲಿಮೀಟರ್ ದಪ್ಪವಿದ್ದುದರಿಂದಲೇ ಅದು ಸಾಧ್ಯವಾಯಿತು. ಮುಂದೆ ಬಂದ ಗಾಜಿನ ಸೂಕ್ಷ್ಮ ನಳಿಕೆಗಳು ಇಂದಿಗೂ ನಿಖರತೆಗೆ ಹೆಸರಾಗಿವೆ, ಆದರೆ ಪಳಗಿದ ಕೈ ಬೇಕು, ಒಮ್ಮೆಗೆ ಬೆರಳೆಣಿಕೆಯ ಕೋಶಗಳಷ್ಟೇ ಸಿಗುತ್ತವೆ, ಚುಚ್ಚಿಸಿಕೊಂಡ ಕೋಶ ಹೆಚ್ಚು ಕಾಲ ಉಳಿಯುವುದಿಲ್ಲ.

2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಚುಚ್ಚುವುದನ್ನೇ ಬಿಟ್ಟಿತು. ಸುಮಾರು 150 ನ್ಯಾನೊಮೀಟರ್ ದಪ್ಪದ, ಒಂದೆರಡು ಮೈಕ್ರೋಮೀಟರ್ ಎತ್ತರದ, ಎಲೆಕ್ಟ್ರೋಡುಗಳಾಗಿ ಕೆಲಸ ಮಾಡುವ ಪ್ಲಾಟಿನಂ ಕಂಬಗಳ ಮೇಲೆ ಹೃದಯದ ಕೋಶಗಳನ್ನು ಬೆಳೆಸಿದರೆ, ಕೋಶದ ಪೊರೆ ತಾನಾಗಿಯೇ ಕಂಬವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆಗ ಕೆಲವೇ ವೋಲ್ಟಿನ ಕ್ಷಣಿಕ ವಿದ್ಯುತ್ ಮಿಡಿತಗಳನ್ನು ಹಾಯಿಸಿದರೆ, ಕಂಬ ತಾಗಿರುವಲ್ಲಿ ಮಾತ್ರ ಪೊರೆಯಲ್ಲಿ ನ್ಯಾನೊ ರಂಧ್ರಗಳು ತೆರೆದು, ಸಂಕೇತ ನೂರು ಪಟ್ಟಿನಷ್ಟು ಹಿಗ್ಗಿ, ಒಳಗಿನ ಅಲೆಯ ಪೂರ್ಣ ಆಕಾರ ಕಾಣಿಸಿಕೊಳ್ಳುತ್ತದೆ.

ನಿಮಿಷಗಳಲ್ಲೇ ಪೊರೆ ಮತ್ತೆ ಕೂಡಿಕೊಳ್ಳುತ್ತದೆ, ಸಂಕೇತ ಕುಗ್ಗುತ್ತದೆ. ಇದನ್ನು ಕೊರತೆಯೆಂದು ಎಣಿಸುವವರುಂಟು. ನನಗಂತೂ ಈ ವಿಧಾನದ ದೊಡ್ಡ ಗುಣವೇ ಇದು, ಏಕೆಂದರೆ ಕೋಶ ಬದುಕಿರುತ್ತದೆ, ಮರುದಿನ ಅದರಿಂದಲೇ ಮತ್ತೆ ದಾಖಲಿಸಿಕೊಳ್ಳಬಹುದು. ಆದರೆ ಒಂದು ಎಚ್ಚರ ಅಗತ್ಯ: ಸಂಕೇತದ ಎತ್ತರ ಹೀಗೆ ಬದಲಾಗುತ್ತಲೇ ಇರುವುದರಿಂದ, ಅಲೆಯ ಆಕಾರ ಮತ್ತು ಅವಧಿಯನ್ನು ನೆಚ್ಚಬಹುದೇ ಹೊರತು ಮಿಲಿವೋಲ್ಟಿನ ಲೆಕ್ಕವನ್ನು ಹಾಗೆಯೇ ನಂಬುವಂತಿಲ್ಲ.

2019ರಲ್ಲಿ ಹಾರ್ವರ್ಡ್ ಸಂಶೋಧಕರು ಒಂದೇ ಎಲೆಕ್ಟ್ರಾನಿಕ್ ಚಿಪ್ ಮೇಲೆ 4,096 ಎಲೆಕ್ಟ್ರೋಡುಗಳನ್ನು ಕೂರಿಸಿ, ಇಲಿಯ 1,700ಕ್ಕೂ ಹೆಚ್ಚು ನರಕೋಶಗಳ ಒಳಗಿನ ಸಂಕೇತಗಳನ್ನು ದಾಖಲಿಸಿ, ಅವುಗಳ ನಡುವಿನ 300ಕ್ಕೂ ಹೆಚ್ಚು ಸಂಪರ್ಕಗಳನ್ನು ಗುರುತಿಸಿದರು. ಒಂದು ನರಕೋಶ ಮತ್ತೊಂದನ್ನು ಪ್ರಚೋದಿಸುವಾಗ ಏಳುವ ಕಿರು ಅಲೆಗಳು ಹೊರಗಿನ ಎಲೆಕ್ಟ್ರೋಡಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ.