ಬಂದರೆ ಗಿಡದ ಬುಡದಲ್ಲಿ

ಕೇಳುಗರೆ, ನಮಸ್ಕಾರ.

ಮಳೆಗಾಲದಲ್ಲಿ ಸಕಲೇಶಪುರದಲ್ಲಿ ಕೊಡೆ ಹಿಡಿದು ಬಸ್ಸು ಹತ್ತಿದವರು ಅರಸೀಕೆರೆಯಲ್ಲಿ ಇಳಿಯುವಾಗ ಕೊಡೆ ಮರೆತೇಬಿಡುತ್ತಾರೆ. ಒಂದೇ ಜಿಲ್ಲೆ. ಆ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟುವ ಮಳೆ, ಈ ಕಡೆ ಹೆಚ್ಚುಕಡಿಮೆ 700. ಪಕ್ಕದ ಚಿಕ್ಕಮಗಳೂರಿನದೂ ಅದೇ ಕಥೆ. ಮೋಡ ಕಡೂರು ತಲುಪುವ ಹೊತ್ತಿಗೆ ಬಾಬಾಬುಡನ್‌ಗಿರಿ ಅದನ್ನು ಹಿಂಡಿ ಕಳಿಸಿರುತ್ತದೆ.

ಅರಸೀಕೆರೆ ಸುತ್ತಿನ ಗುಡ್ಡಗಳಲ್ಲಿ ಬಂದರೆ ಎಂಬ ಪೊದೆ, ತಂಗಡಿ, ಕಾರೆ, ಕವಳೆ ಇಂಥ ಗಿಡಗಂಟಿಗಳೇ ಜಾಸ್ತಿ. ಗುಡ್ಡದ ನೆತ್ತಿಯಲ್ಲಿ, ಬಂಡೆ ಮೇಲೆ ನಾಲ್ಕು ಬೆರಳು ಗರಸು ಇರುವ ಕಡೆ, ಬಂದರೆ ಮೊಣಕಾಲೆತ್ತರ. ಕೆಳಗೆ ಹಳ್ಳದ ಅಂಚಿನಲ್ಲಿ ಅದೇ ಗಿಡ ನನಗಿಂತ ಎತ್ತರ. ಎರಡಕ್ಕೂ ಬಿದ್ದದ್ದು ಒಂದೇ ಮಳೆ, ಅಲ್ವಾ? ಬಿದ್ದ ನೀರು ಬೇರಿಗೆ ಎಟಕುವ ಹಾಗೆ ಎಷ್ಟು ದಿನ ಉಳಿಯಿತು, ಅದರ ಮೇಲೆ ನಿಂತಿದೆ ಒಣನೆಲದ ಗಿಡದ ಬೆಳವಣಿಗೆ.

ಇಲ್ಲಿ ಮಣ್ಣು ಒಂದು ಚಮತ್ಕಾರ ಮಾಡುತ್ತದೆ. ಎರೆಮಣ್ಣು ನೀರು ಹಿಡಿಯುತ್ತದೆ, ಹಿಂಗಾರಿನಲ್ಲಿ ಕಡಲೆ ಬಿತ್ತುವವರಿಗೆ ಇದು ಗೊತ್ತು. ಆದರೆ ಮಳೆ ಕಡಿಮೆಯಾಗಿ ಬರೀ ತುಂತುರೇ ಬಿದ್ದರೆ ಆ ನೀರು ಮೇಲಿನ ಎರಡು ಬೆರಳಲ್ಲೇ ನಿಂತು, ಮಧ್ಯಾಹ್ನದ ಬಿಸಿಲಿಗೆ ಆವಿಯಾಗುತ್ತದೆ. ಮೇಲಾಗಿ ಬೇಸಿಗೆಯಲ್ಲಿ ಎರೆನೆಲ ಬಿರಿದಾಗ ಸಣ್ಣ ಬೇರುಗಳು ಹರಿಯುತ್ತವೆ. ಮರಳು ಬೆರೆತ ಕೆಮ್ಮಣ್ಣಿನಲ್ಲಿ ಅಷ್ಟೇ ಮಳೆ ಇನ್ನೂ ಆಳಕ್ಕೆ ಇಳಿಯುತ್ತದೆ, ಬಿಸಿಲಿನ ಕೈಗೆ ಸಿಗುವುದಿಲ್ಲ. ಅದಕ್ಕೇ ತೀರಾ ಒಣ ಸೀಮೆಗಳಲ್ಲಿ ನಾವು ಬಡ ಮಣ್ಣು ಅನ್ನುವ ನೆಲದಲ್ಲೇ ಪೊದೆಗಳು ಚೆನ್ನಾಗಿ ಬೆಳೆಯುವುದುಂಟು. ಮೇಲ್ಪದರದ ತೇವ ಹುಲ್ಲಿನ ಪಾಲು, ಆಳದ್ದು ಪೊದೆಯ ಪಾಲು.

ಹಾಗಂತ ಎಲ್ಲವನ್ನೂ ಮಳೆ, ಮಣ್ಣಿನ ಲೆಕ್ಕಕ್ಕೇ ಬರೆಯುವ ಹಾಗಿಲ್ಲ. ಬಂದರೆಯ ಎಲೆ ಮುಟ್ಟಿದರೆ ಬೆರಳಿಗೆ ಅಂಟಂಟು. ಆ ಅಂಟು ನೀರು ಹಾರದಂತೆ ತಡೆಯುತ್ತದೆ, ಮೇಕೆಗೂ ರುಚಿಸುವುದಿಲ್ಲ. ಮೇಕೆ ಮೇಯುವ ಗುಡ್ಡದಲ್ಲಿ ಅದೇ ಉಳಿದರೆ ಆಶ್ಚರ್ಯವೇನು?

ಇಂಥ ಗಿಡ ಎಷ್ಟು ಬೆಳೆದಿದೆ ಎಂದು ತಿಳಿಯಲು ಅದನ್ನು ತೂಗುವುದು ಹೇಗೆ? ಮರವಾದರೆ ಎದೆಮಟ್ಟದಲ್ಲಿ ಟೇಪು ಸುತ್ತಬಹುದು. ಪೊದೆಗೆ ಬುಡದಿಂದಲೇ ಹತ್ತು ಕಡ್ಡಿ. ಹಾಗಾಗಿ ಎತ್ತರ, ಹರವನ್ನು ಎರಡು ದಿಕ್ಕಿನಲ್ಲಿ, ಬುಡದ ದಪ್ಪ, ಇಷ್ಟನ್ನು ಅಳೆಯುತ್ತಾರೆ. ಕೆಲವನ್ನು ಮಾತ್ರ ಕಡಿದು, ತೂಕ ಇಳಿಯುವುದು ನಿಲ್ಲುವವರೆಗೆ ಒಲೆಪೆಟ್ಟಿಗೆಯಲ್ಲಿ, ಅಂದರೆ ಓವನ್ನಿನಲ್ಲಿ, ಒಣಗಿಸಿ ತೂಗುತ್ತಾರೆ. ಅದರಿಂದ ಉಳಿದವುಗಳ ಒಣತೂಕ ಅಂದಾಜು. ಆ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಬೇರು ಅಗೆಯುವ ತಾಪತ್ರಯ ಯಾರಿಗೆ ಬೇಕು? ಆದರೆ ಒಣನೆಲದ ಗಿಡ ತನ್ನ ಗಳಿಕೆಯ ದೊಡ್ಡ ಪಾಲನ್ನು ಇಡುವುದೇ ಅಲ್ಲಿ.

ಒಮ್ಮೆ ಬಂದರೆಯ ಕೆಳಗೆ ಕೈ ಹಾಕಿ ನೋಡಿ. ಸುತ್ತಲಿನ ನೆಲ ಕೆಂಪಗೆ, ಗಟ್ಟಿಯಾಗಿರುತ್ತದೆ. ಬುಡದಲ್ಲಿ ಮಾತ್ರ ಮಣ್ಣು ಕಪ್ಪಗೆ, ಪುಡಿಪುಡಿ. ಉದುರಿದ ಎಲೆ, ಗಾಳಿ ತಂದ ಧೂಳು, ಯಾವುದೋ ಬೀಜ, ಎಲ್ಲ ಅಲ್ಲೇ ತಂಗಿರುತ್ತದೆ.

ಹೋದ ಸಲ ಒಂದು ಗುಡ್ಡಕ್ಕೆ ಹೋಗಿದ್ದೆ. ಹಸಿರು ಬೆಳೆಸಲು ಸಸಿ ನೆಡಬೇಕೆಂದು ಅಲ್ಲಿದ್ದ ಬಂದರೆಯನ್ನೆಲ್ಲ ಜೆಸಿಬಿಯಲ್ಲಿ ಕಿತ್ತಿದ್ದರು. ನನಗೆ ಸಿಟ್ಟೇ ಬಂತು. ಒಂದು ಗುಂಡಿಯ ಬದಿಯಲ್ಲಿ ತುಂಡಾದ ಬೇರು ಕಾಣುತ್ತಿತ್ತು. ಗಿಡ ಮೊಣಕಾಲೆತ್ತರದ್ದಷ್ಟೇ. ಬೇರು ಬಂಡೆಯ ಸಂದಿಯೊಳಗೆ ಇಳಿದಿತ್ತು. ಕೈಲಿದ್ದ ಕೋಲನ್ನು ಸಂದಿಗೆ ಪೂರ್ತಿ ಬಿಟ್ಟೆ, ತಳ ಸಿಗಲಿಲ್ಲ.

ನಮಸ್ಕಾರ.