ಎರಡು ಗಿಲ್ಡರಿಗೆ ಹೋದ ಚಿತ್ರ

ಕೇಳುಗರಿಗೆ ನಮಸ್ಕಾರ.

1881ನೇ ಇಸವಿ. ಹಾಲೆಂಡಿನ ಹೇಗ್ ನಗರದಲ್ಲಿ ಒಂದು ಹರಾಜು. ಮಾರಾಟಕ್ಕೆ ಬಂದ ಚಿತ್ರಗಳ ನಡುವೆ ಒಂದು ಸಣ್ಣ ತೈಲಚಿತ್ರ. ಎತ್ತರ ಒಂದೂವರೆ ಅಡಿಯೂ ಇಲ್ಲ, ಅಗಲ ಅದಕ್ಕಿಂತ ಕಡಿಮೆ. ಆರೈಕೆಯಿಲ್ಲದೆ ಕೊಳೆ ಹಿಡಿದು ಹಾಳಾಗಿತ್ತು. ಸವಾಲು ಮುಗಿಯುವ ಹೊತ್ತಿಗೆ ಅದಕ್ಕೆ ಬಂದ ಬೆಲೆ 2 ಗಿಲ್ಡರ್. ಗಿಲ್ಡರ್ ಅಂದರೆ ಹಾಲೆಂಡಿನ ಅಂದಿನ ನಾಣ್ಯ. ಅದರ ಮೇಲೆ ಹರಾಜಿನ ಕಮಿಷನ್ 30 ಸೆಂಟ್.

ಆ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಕ್ಯಾಲೆಂಡರಿನಲ್ಲೋ, ಪುಸ್ತಕದ ಹೊದಿಕೆಯಲ್ಲೋ, ಮೊಬೈಲಿನಲ್ಲೋ. ನೀಲಿ ಬಟ್ಟೆಯನ್ನು ತಲೆಗೆ ಸುತ್ತಿಕೊಂಡ ಒಬ್ಬ ಹುಡುಗಿ, ಯಾರೋ ಕರೆದಂತಾಗಿ ಹೆಗಲ ಮೇಲಿಂದ ನಮ್ಮತ್ತ ತಿರುಗಿ ನೋಡುತ್ತಿದ್ದಾಳೆ. ತುಟಿ ಸ್ವಲ್ಪ ತೆರೆದಿದೆ. ಕಿವಿಯಲ್ಲಿ ಒಂದು ದೊಡ್ಡ ಮುತ್ತು. ಡೆಲ್ಫ್ಟ್ ಊರಿನ ಯೊಹಾನ್ನೆಸ್ ವರ್ಮೀರ್ 1665ರ ಸುಮಾರಿಗೆ ಬರೆದ ‘ಮುತ್ತಿನೋಲೆಯ ಹುಡುಗಿ’ ಅದು.

ಇದನ್ನು ಲಾಟರಿ ಹೊಡೆದ ಕಥೆಯಂತೆ ಹೇಳುವವರು ಹೆಚ್ಚು. ಕಸದಲ್ಲಿ ಚಿನ್ನ ಸಿಕ್ಕಿತು, ಅದೃಷ್ಟ ಅಂದರೆ ಇದಪ್ಪಾ ಅಂತ. ನನಗೆ ಹಾಗನ್ನಿಸುವುದಿಲ್ಲ. ಆ 2 ಗಿಲ್ಡರಿನ ಹಿಂದೆ ಸುಮಾರು ಇನ್ನೂರು ವರ್ಷಗಳ ಮರೆವಿದೆ, ಕೆಲವೇ ಜನ ಪಟ್ಟುಹಿಡಿದು ನೋಡಿದ ನೋಟವಿದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ವರ್ಮೀರ್ ಬದುಕಿದ್ದದ್ದು 1632ರಿಂದ 1675ರವರೆಗೆ, ಹೆಚ್ಚುಕಡಿಮೆ ಒಂದೇ ಊರಿನಲ್ಲಿ. ಬಹಳ ನಿಧಾನದ ಕೈ. ಇವತ್ತು ಅವನದೆಂದು ಒಪ್ಪಿಕೊಂಡ ಚಿತ್ರಗಳು ಜಗತ್ತಿನಲ್ಲೆಲ್ಲ ಸೇರಿ ಮೂವತ್ತೈದರ ಆಸುಪಾಸು, ಅಷ್ಟೆ. ಸಾಯುವಾಗ ಮನೆಯಲ್ಲಿ ಹೆಂಡತಿ, ಹನ್ನೊಂದು ಮಕ್ಕಳು, ಮೇಲೆ ಸಾಲ. ಬೇಕರಿಯವನಿಗೆ ಬ್ರೆಡ್ಡಿನ ಬಾಕಿಯೇ 600 ಗಿಲ್ಡರ್ ದಾಟಿತ್ತು. ಅದಕ್ಕೆ ಆತನ ಹೆಂಡತಿ ಕ್ಯಾಥರೀನಾ ಎರಡು ಚಿತ್ರಗಳನ್ನು ಕೊಟ್ಟಳು. ಬ್ರೆಡ್ಡಿನ ಸಾಲಕ್ಕೆ ವರ್ಮೀರನ ಎರಡು ಚಿತ್ರ! ಆದರೆ ಆ ಬೇಕರಿಯವನನ್ನು ಬೈಯಲು ನನಗೆ ಮನಸ್ಸಿಲ್ಲ. ಅಷ್ಟು ದಿನ ಆ ಮಕ್ಕಳಿಗೆ ಉದ್ರಿಯಲ್ಲಿ ಬ್ರೆಡ್ ಕೊಟ್ಟವನು ಅವನು. ಚಿತ್ರಗಳಿಗೆ ಬೆಲೆಯಿದೆ ಎಂದು ಒಪ್ಪಿದವನೂ ಅವನೇ.

1696ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದೇ ಹರಾಜಿನಲ್ಲಿ ವರ್ಮೀರನ 21 ಚಿತ್ರಗಳು ಮಾರಾಟವಾದವು. ಡೆಲ್ಫ್ಟ್ ಊರಿನ ನೋಟಕ್ಕೆ 200 ಗಿಲ್ಡರ್, ಹಾಲು ಸುರಿಯುವ ಹೆಂಗಸಿನ ಚಿತ್ರಕ್ಕೆ 175. ಅಲ್ಲಿಂದ ಮುಂದೆ ಅವು ದಿಕ್ಕಾಪಾಲಾದವು. ಚಿತ್ರಗಳು ಉಳಿದವು, ಹೆಸರು ಕಳಚಿತು. ಅವನ ಹೆಸರನ್ನೇ ಹೋಲುವ ಬೇರೆ ಚಿತ್ರಕಾರರೂ ಇದ್ದರು, ಒಬ್ಬ ಹಾರ್ಲೆಮ್ ಊರಿನವನು, ಇನ್ನೊಬ್ಬ ಉಟ್ರೆಕ್ಟಿನವನು. ವ್ಯಾಪಾರಿಗೆ ಬೇಕಾದದ್ದು ಓಡುವ ಹೆಸರು. ಡ್ರೆಸ್ಡೆನ್ನಿನ ರಾಜಸಂಗ್ರಹಕ್ಕೆ 1742ರಲ್ಲಿ ಬಂದ, ಕಿಟಕಿಯ ಬಳಿ ಪತ್ರ ಓದುವ ಹುಡುಗಿಯ ಚಿತ್ರಕ್ಕೆ ಹಾಲೆಂಡಿನ ಹೆಸರಾಂತ ಚಿತ್ರಕಾರ ರೆಂಬ್ರಾಂಟನ ಹೆಸರಿತ್ತು. ಇಂಗ್ಲೆಂಡಿನ ಮೂರನೇ ಜಾರ್ಜ್ ಕೊಂಡ ಸಂಗೀತಪಾಠದ ಚಿತ್ರಕ್ಕೆ ಫ್ರಾನ್ಸ್ ವಾನ್ ಮೀರಿಸ್ ಎಂಬವನ ಹೆಸರು. ಇನ್ನೂ ಒಂದಿದೆ, ನನಗೆ ಬಹಳ ನೋವು ಕೊಡುವಂಥದ್ದು. ಚಿತ್ರಕಾರನೊಬ್ಬ ನಮಗೆ ಬೆನ್ನು ಮಾಡಿ ಕೂತು ಚಿತ್ರ ಬರೆಯುತ್ತಿರುವ ದೊಡ್ಡ ಕೃತಿ. ವರ್ಮೀರ್ ಸತ್ತ ಮೇಲೆ, ಆ ಸಾಲದ ನಡುವೆಯೂ ಹೇಗಾದರೂ ಉಳಿಸಿಕೊಳ್ಳಬೇಕೆಂದು ಅವನ ಹೆಂಡತಿ ಹೆಣಗಿದ ಚಿತ್ರ. 1813ರಲ್ಲಿ ವಿಯೆನ್ನಾದ ಕೌಂಟ್ ಚೆರ್ನಿನ್ ಅದನ್ನು ಕೊಂಡಾಗ ಕೊಟ್ಟದ್ದು 50 ಫ್ಲಾರಿನ್. ಅದರ ಮೇಲೆ ಪೀಟರ್ ಡೆ ಹೋಖ್ ಎಂಬ ಚಿತ್ರಕಾರನ ಸುಳ್ಳು ರುಜು ಬೇರೆ. ತನ್ನ ಕೆಲಸವನ್ನೇ ಚಿತ್ರವಾಗಿಸಿದ ಕಲಾವಿದನ ಕೃತಿಯ ಮೇಲೆ ಬೇರೊಬ್ಬನ ಸಹಿ.

ಹಾಗಂತ ಹಾಲೆಂಡಿನವರು ಅವನನ್ನು ಪೂರ್ತಿ ಮರೆತಿದ್ದರು ಅಂದರೆ ಅದು ತಪ್ಪಾದೀತು. ಅದೇ 1813ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಹರಾಜಿಗೆ ವರ್ಮೀರನ ಎರಡು ಚಿತ್ರಗಳು ಬಂದವು. ಹಾಲು ಸುರಿಯುವ ಹೆಂಗಸಿನ ಚಿತ್ರ 2,125 ಗಿಲ್ಡರಿಗೆ ಹೋಯಿತು. ಕೊಂಡವಳು ಲುಕ್ರೇಶಿಯಾ ವಾನ್ ವಿಂಟರ್ ಎಂಬ ಮಹಿಳೆ. ಅದೇ ಹರಾಜಿನಲ್ಲಿ, ತಲೆ ಬಗ್ಗಿಸಿ ಲೇಸ್ ಹೆಣೆಯುವ ಹುಡುಗಿಯ ಚಿತ್ರಕ್ಕೆ ಸಿಕ್ಕಿದ್ದು 84 ಗಿಲ್ಡರ್. ಅದು ಒಂದು ಗೇಣು ಎತ್ತರದ ಚಿತ್ರ, ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕಾದದ್ದು. ಇವತ್ತು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಒಂದೇ ಕೈ ಬರೆದದ್ದು, ಒಂದೇ ಛಾವಣಿಯಡಿ ಮಾರಿದ್ದು. ಬೆಲೆಯ ಅಂತರ ಇಪ್ಪತ್ತೈದು ಪಟ್ಟು. 1822ರಲ್ಲಿ ಡೆಲ್ಫ್ಟ್ ನೋಟವನ್ನು ಡಚ್ ಸರ್ಕಾರವೇ 2,900 ಗಿಲ್ಡರ್ ಕೊಟ್ಟು ಹರಾಜಿನಲ್ಲಿ ಹಿಡಿಯಿತು. ಹೇಗ್‌ನಲ್ಲಿ ಆಗಷ್ಟೇ ಬಾಗಿಲು ತೆರೆದಿದ್ದ ಮೌರಿಟ್ಸ್‌ಹೌಸ್ ವಸ್ತುಸಂಗ್ರಹಾಲಯಕ್ಕೆ ಅದನ್ನು ಕೊಟ್ಟರು. ಈ 2,900ನ್ನು ನೆನಪಿಟ್ಟುಕೊಳ್ಳಿ.

ಆ ಶತಮಾನದಲ್ಲಿ ಯಾಕೆ ಇಷ್ಟೊಂದು ಹಳೆಯ ಚಿತ್ರಗಳು ಹರಾಜಿಗೆ ಬಂದವು? ಫ್ರೆಂಚ್ ಕ್ರಾಂತಿ, ಅದರ ಹಿಂದೆಯೇ ನೆಪೋಲಿಯನ್ನನ ಯುದ್ಧಗಳು. ಶ್ರೀಮಂತ ಮನೆತನಗಳು ಮುರಿದವು, ಮಠಗಳು ಮುಚ್ಚಿದವು, ಸೈನ್ಯಗಳು ದೋಚಿದವು. ಇನ್ನೊಂದು ಕಡೆ ಕಾರ್ಖಾನೆ, ವ್ಯಾಪಾರದಿಂದ ಹೊಸ ಹಣ ಮಾಡಿದವರು ಗೋಡೆಗೆ ಹಳೆಯ ಚಿತ್ರ ಹುಡುಕುತ್ತಿದ್ದರು. ಸರ್ಕಾರಗಳು ವಸ್ತುಸಂಗ್ರಹಾಲಯಗಳನ್ನು ಕಟ್ಟುತ್ತಿದ್ದವು.

ದೋಚಿದ್ದು ಹೇಗೆ ಮಾರಾಟವಾಯಿತು ಎನ್ನುವುದಕ್ಕೆ 1852ರ ಪ್ಯಾರಿಸ್ ಹರಾಜು ಒಂದೇ ಸಾಕು. ನೆಪೋಲಿಯನ್ನನ ಸೇನಾಪತಿ ಮಾರ್ಷಲ್ ಸುಲ್ತ್, ಸ್ಪೇನಿನ ಸೆವಿಲ್ಲಾ ನಗರದಿಂದ ಹೊತ್ತು ತಂದಿದ್ದ ಚಿತ್ರಗಳು ಅವನು ಸತ್ತ ಮೇಲೆ ಮಾರಾಟಕ್ಕೆ ಬಂದವು. ಅದರಲ್ಲಿ ಸ್ಪೇನಿನ ಚಿತ್ರಕಾರ ಮುರಿಲ್ಯೊ ಬರೆದ ಕನ್ಯೆ ಮೇರಿಯ ದೊಡ್ಡ ಚಿತ್ರವೊಂದಿತ್ತು. ಲೂವ್ರ್ ಅದನ್ನು ಹಿಡಿಯಿತು. ಖರ್ಚೆಲ್ಲ ಸೇರಿ 6,15,300 ಫ್ರಾಂಕ್. ಒಂದು ಚಿತ್ರಕ್ಕೆ ಹರಾಜಿನಲ್ಲಿ ಅಷ್ಟು ಹಣ ಎನ್ನುವುದು ಅಂದಿಗೆ ಕೇಳರಿಯದ ಮಾತು. ಆ ಕಾಲದ ಕಣ್ಣಿಗೆ ಮುರಿಲ್ಯೊ ಅಂದರೆ ಚಿತ್ರಕಲೆಯ ಶಿಖರ. 1941ರಲ್ಲಿ ಆ ಚಿತ್ರ ಸ್ಪೇನಿಗೆ ಮರಳಿತು. ಈಗ ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯದಲ್ಲಿದೆ. ಕಿತ್ತುಕೊಂಡು ಹೋದದ್ದು ತನ್ನ ನಾಡಿಗೆ ಹಿಂತಿರುಗಿದ್ದು ನನಗೆ ಸಮಾಧಾನ ಕೊಡುವ ಸಂಗತಿ. ಸೆವಿಲ್ಲಾದ ಆ ಹಳೆಯ ಗೋಡೆಗೆ ಮಾತ್ರ ಅದು ಸೇರಲಿಲ್ಲ.

ಹೆಸರು ಬೆಲೆಯನ್ನು ಹೇಗೆ ಎತ್ತುತ್ತದೆ ಎನ್ನುವುದನ್ನು ಲಂಡನ್ನಿನಲ್ಲಿ ನೋಡಬೇಕು. 1882ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಅರಮನೆಯ ಸಂಗ್ರಹವನ್ನು ಕ್ರಿಸ್ಟೀಸ್ ಸಂಸ್ಥೆ 17 ದಿನ ಹರಾಜು ಹಾಕಿತು. 2,213 ಲಾಟುಗಳು, ಬಂದ ಹಣ 3,97,562 ಪೌಂಡ್. ಅಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ, ಇಟಲಿಯ ಹೆಸರಾಂತ ಚಿತ್ರಕಾರ ಬೊತ್ತಿಚೆಲ್ಲಿಯದೆಂದು ನಂಬಿ ಒಂದು ವಿಶಾಲವಾದ ಚಿತ್ರವನ್ನು 4,777 ಪೌಂಡ್ 10 ಶಿಲಿಂಗಿಗೆ ಕೊಂಡಿತು. ಮೇರಿ ಸ್ವರ್ಗಕ್ಕೇರುವ ದೃಶ್ಯ, ಹನ್ನೆರಡು ಅಡಿಗೂ ಹೆಚ್ಚು ಅಗಲ. ಅದನ್ನು ಬರೆದವನು ಫ್ರಾನ್ಚೆಸ್ಕೊ ಬೊತ್ತಿಚೀನಿ ಎಂದು ವಿದ್ವಾಂಸರು ಆಮೇಲೆ ಕಂಡುಕೊಂಡರು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಅದೇ ದೇವತೆಗಳ ಸಾಲು, ಅದೇ ಮೋಡ, ಕೆಳಗೆ ಅದೇ ಊರು. ಹೆಸರು ಬದಲಾದ ತಕ್ಷಣ ಜನ ಅದರ ಮುಂದೆ ನಿಲ್ಲುವ ಹೊತ್ತೂ ಕಡಿಮೆಯಾಗಬೇಕೆ?

ಮತ್ತೆ ವರ್ಮೀರನಿಗೆ ಬರೋಣ. 1842ರಲ್ಲಿ ತಿಯೊಫಿಲ್ ತೊರೆ ಎಂಬ ಫ್ರೆಂಚ್ ಪತ್ರಕರ್ತ ಮೌರಿಟ್ಸ್‌ಹೌಸಿಗೆ ಹೋಗಿ ಡೆಲ್ಫ್ಟ್ ನೋಟದ ಮುಂದೆ ನಿಂತ. ಮಳೆ ಬಂದು ಬಿಟ್ಟ ಹಾಗಿರುವ ಆಕಾಶ, ನೆರಳಿನಲ್ಲಿರುವ ಕೋಟೆಗೋಡೆ, ಹಿಂದೆಲ್ಲೋ ಬಿಸಿಲು ಬಿದ್ದ ಛಾವಣಿ. ಇಂಥದ್ದನ್ನು ಬರೆದವನು ಯಾರು, ಅವನ ಬೇರೆ ಚಿತ್ರಗಳು ಎಲ್ಲಿ ಎಂಬ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ಮುಂದೆ ರಾಜಕೀಯದ ಕಾರಣಕ್ಕೆ ಅವನು ದೇಶ ಬಿಡಬೇಕಾಯಿತು. ಗಡೀಪಾರಿನಲ್ಲಿದ್ದವನು ಬ್ಯೂರ್ಗರ್ ಎಂಬ ಹೆಸರಿಟ್ಟುಕೊಂಡು ಊರೂರಿನ ಸಂಗ್ರಹಗಳನ್ನು ಸುತ್ತಿದ, ಟಿಪ್ಪಣಿ ಮಾಡಿದ, ಕೈಲಾದಾಗ ಕೊಂಡ. 1866ರಲ್ಲಿ ಪ್ಯಾರಿಸ್ಸಿನ ಕಲಾಪತ್ರಿಕೆಯೊಂದರಲ್ಲಿ ವರ್ಮೀರನ ಮೇಲೆ ಮೂರು ದೀರ್ಘ ಲೇಖನ ಬರೆದ. 70ಕ್ಕೂ ಹೆಚ್ಚು ಚಿತ್ರಗಳನ್ನು ಅವನ ಲೆಕ್ಕಕ್ಕೆ ಹಾಕಿದ. ಅದರಲ್ಲಿ ಅರ್ಧಕ್ಕೂ ಹೆಚ್ಚು ಬೇರೆಯವರವು ಎಂದು ಆಮೇಲೆ ಗೊತ್ತಾಯಿತು. ಇರಲಿ. ಪ್ರೀತಿ ಹೆಚ್ಚಾಗಿ ಮಾಡಿದ ತಪ್ಪು ಅದು. ಆ ಲೇಖನಗಳು ಬರದಿದ್ದರೆ ಎಷ್ಟು ಚಿತ್ರಗಳು ಇವತ್ತಿಗೂ ಬೇರೆಯವರ ಹೆಸರಿನಲ್ಲೇ ಇರುತ್ತಿದ್ದವೋ.

ಹೀಗೆ ಹೆಸರು ಮರಳಿ ಬಂದ ಹದಿನೈದು ವರ್ಷಕ್ಕೆ ಹೇಗ್‌ನ ಆ ಹರಾಜು. ವಿಕ್ಟರ್ ಡ ಸ್ಟೂರ್ಸ್ ಎಂಬ ಸರ್ಕಾರಿ ಅಧಿಕಾರಿ ಆ ಊರಿನಲ್ಲಿದ್ದ. ಹಳೆಯ ಕಟ್ಟಡ, ಕಲಾವಸ್ತುಗಳನ್ನು ದೇಶ ಹಾಳುಗೆಡವುತ್ತಿದೆ ಎಂದು 1873ರಲ್ಲಿ ಕಟುವಾದ ಲೇಖನ ಬರೆದು ಡಚ್ಚರನ್ನು ಎಬ್ಬಿಸಿದವನು ಅವನು. ಇನ್ನೊಬ್ಬ ಆರ್ನಾಲ್ಡಸ್ ಡೆ ಟೋಂಬ್, ಸಂಗ್ರಾಹಕ. ಇಬ್ಬರೂ ಮಾರಾಟಕ್ಕೆ ಮುಂಚೆ ಆ ಕೊಳಕು ಚಿತ್ರವನ್ನು ನೋಡಿದರು, ಒಬ್ಬರ ಮೇಲೊಬ್ಬರು ಸವಾಲು ಏರಿಸುವುದು ಬೇಡ ಎಂದು ಮಾತಾಡಿಕೊಂಡರು ಎಂದು ಹೇಳುತ್ತಾರೆ. ಚಿತ್ರ ಡೆ ಟೋಂಬ್ ಕೈಗೆ ಬಂತು. ಶುಚಿ ಮಾಡಲು ಆಂಟ್‌ವರ್ಪಿಗೆ ಕಳಿಸಿದ.

ಕೊಳೆ ತೆಗೆದರೆ ಏನು ಕಾಣುತ್ತದೆ ಎನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆ ಮುತ್ತನ್ನೇ ತೆಗೆದುಕೊಳ್ಳಿ. ನಾವು ಅದನ್ನು ದುಂಡಗಿನ ಮುತ್ತು ಎಂದೇ ನೋಡುತ್ತೇವೆ. ಆದರೆ ಅಲ್ಲಿ ಸುತ್ತುಗೆರೆಯೇ ಇಲ್ಲ. ಕಿವಿಗೆ ಸಿಕ್ಕಿಸುವ ಕೊಂಡಿಯೂ ಇಲ್ಲ. ಮೇಲೆ ಎಡಕ್ಕೆ ದಪ್ಪಗೆ ಒತ್ತಿದ ಒಂದು ಬಿಳಿ ಚುಕ್ಕೆ, ಅದು ಕಿಟಕಿಯ ಬೆಳಕು. ಕೆಳಗೆ ತೆಳ್ಳಗೆ ಎಳೆದ ಒಂದು ಮಂದ ಬಿಳುಪು, ಅದು ಅವಳ ಬಿಳಿ ಕಾಲರಿನ ಪ್ರತಿಬಿಂಬ. ನಡುವೆ ಇರುವುದು ಅವಳ ಕತ್ತಿನ ನೆರಳು. ಮಿಕ್ಕ ದುಂಡನ್ನು ನಮ್ಮ ಕಣ್ಣೇ ತುಂಬಿಕೊಳ್ಳುತ್ತದೆ. ತಲೆಯ ನೀಲಿ ಬಟ್ಟೆಗೆ ಬಳಸಿದ ಬಣ್ಣ ಅಫ್ಘಾನಿಸ್ತಾನದಿಂದ ಬರುತ್ತಿದ್ದ ನೀಲಿಕಲ್ಲನ್ನು ಅರೆದು ಮಾಡಿದ್ದು, ಆ ಕಾಲದಲ್ಲಿ ಬಹಳ ದುಬಾರಿ. 2018ರಲ್ಲಿ ಮೌರಿಟ್ಸ್‌ಹೌಸಿನಲ್ಲೇ ಉಪಕರಣಗಳಿಂದ ಚಿತ್ರವನ್ನು ಪರೀಕ್ಷಿಸಿದಾಗ, ಹಿಂದಿನ ಕಪ್ಪು ಬಯಲು ಮೂಲದಲ್ಲಿ ಹಸಿರು ಪರದೆಯಾಗಿತ್ತು ಎಂದು ತಿಳಿಯಿತು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ರೆಪ್ಪೆಗೂದಲುಗಳೂ ಸಿಕ್ಕವು. ಬ್ರೆಡ್ಡಿಗೆ ಸಾಲ ಮಾಡುತ್ತಿದ್ದ ಮನೆಯಲ್ಲಿ ಇಷ್ಟು ದುಬಾರಿ ನೀಲಿ, ಇಷ್ಟು ಸಣ್ಣ ಕುಂಚದ ಕೆಲಸ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೇಗ್‌ನ ಆ ಹರಾಜಾದ ಎರಡು ವರ್ಷದ ನಂತರ, 1883ರಲ್ಲಿ, ಹಳೆಯ ಚಿತ್ರಗಳು ದೇಶ ಬಿಟ್ಟು ಹೋಗದಂತೆ ಹಣ ಕೂಡಿಸಲು ಡಚ್ಚರು ರೆಂಬ್ರಾಂಟ್ ಸಂಘ ಕಟ್ಟಿದರು. ಅಷ್ಟರಲ್ಲಿ ಬೆಲೆ ಏರತೊಡಗಿತ್ತು. 1892ರ ಡಿಸೆಂಬರಿನಲ್ಲಿ, ತೊರೆ ಸತ್ತು ಇಪ್ಪತ್ತಮೂರು ವರ್ಷದ ಮೇಲೆ, ಅವನ ಸಂಗ್ರಹ ಪ್ಯಾರಿಸ್ಸಿನ ಒಟೆಲ್ ದ್ರುವೊ ಹರಾಜು ಮನೆಗೆ ಬಂತು. ವರ್ಮೀರನ ‘ಸಂಗೀತಗೋಷ್ಠಿ’ಗೆ ಸವಾಲು ನಡೆಯುತ್ತಿದ್ದಾಗ ಅಮೆರಿಕದ ಬೋಸ್ಟನ್ನಿನ ಕಲಾಸಂಗ್ರಾಹಕಿ ಇಸಬೆಲ್ಲಾ ಸ್ಟೀವರ್ಟ್ ಗಾರ್ಡ್‌ನರ್ ಆ ಕೋಣೆಯಲ್ಲೇ ಕೂತಿದ್ದಳು. ಆಕೆ ಬಾಯಿ ಬಿಡಲಿಲ್ಲ. ಮುಖಕ್ಕೆ ಕರವಸ್ತ್ರ ಹಿಡಿದಿರುವ ತನಕ ಏರಿಸುತ್ತಾ ಹೋಗಬೇಕು ಎಂದು ತನ್ನ ಏಜೆಂಟನಿಗೆ ಮೊದಲೇ ಹೇಳಿಟ್ಟಿದ್ದಳಂತೆ. 29,000 ಫ್ರಾಂಕಿಗೆ ಚಿತ್ರ ಆಕೆಯದಾಯಿತು. ಬೋಸ್ಟನ್ನಿನಲ್ಲಿ ತಾನು ಕಟ್ಟಿಸಿದ ವಸ್ತುಸಂಗ್ರಹಾಲಯದಲ್ಲಿ ಅದನ್ನಿಟ್ಟಳು. 1990ರ ಮಾರ್ಚ್ 18ರ ರಾತ್ರಿ ಪೊಲೀಸರ ವೇಷದಲ್ಲಿ ಬಂದ ಕಳ್ಳರು ಇನ್ನೂ ಹನ್ನೆರಡು ವಸ್ತುಗಳೊಂದಿಗೆ ಅದನ್ನು ಒಯ್ದರು. ಚಿತ್ರ ಸಿಕ್ಕಿಲ್ಲ. ಅದರ ಖಾಲಿ ಚೌಕಟ್ಟು ಇದ್ದ ಜಾಗದಲ್ಲೇ ಇದೆ.

ಡೆ ಟೋಂಬ್ ತನ್ನ ಹುಡುಗಿಯನ್ನು ಮಾರಲಿಲ್ಲ. ವರ್ಮೀರನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದನ್ನು ಅವನು ನೋಡದೆ ಇದ್ದಿರಲಾರ. 1902ರ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಮಕ್ಕಳಿರಲಿಲ್ಲ. ಉಯಿಲು ತೆರೆದಾಗ ಮೌರಿಟ್ಸ್‌ಹೌಸಿಗೆ ಹನ್ನೆರಡು ಚಿತ್ರಗಳನ್ನು ಬಿಟ್ಟುಹೋಗಿರುವುದು ಗೊತ್ತಾಯಿತು. ಅವುಗಳಲ್ಲಿ ಇದೂ ಒಂದು.

ಇವತ್ತು ಹೇಗ್‌ಗೆ ಹೋದವರು ಮೌರಿಟ್ಸ್‌ಹೌಸಿನ ಮೆಟ್ಟಿಲು ಹತ್ತಿದರೆ, ಸರ್ಕಾರ 2,900 ಗಿಲ್ಡರ್ ಕೊಟ್ಟು ಕೊಂಡ ಡೆಲ್ಫ್ಟ್ ಊರನ್ನೂ 2 ಗಿಲ್ಡರಿಗೆ ಹೋದ ಈ ಹುಡುಗಿಯನ್ನೂ ಒಂದೇ ಕೋಣೆಯಲ್ಲಿ ನೋಡಬಹುದು.

ನಮಸ್ಕಾರ.